ಮುಟ್ಟದೆ ಬಿದ್ದವರು

ದುಬೈ
೬ ಅಕ್ಟೋಬರ್ ೨೦೨೪

ಮಾನ್ಯ ದ್ವಾರಕನಾಥ ಸಾರ್ ಅವರಿಗೆ,

ನಮಸ್ಕಾರ. ನನ್ನ ಪರಿಚಯ ನಿಮಗಿಲ್ಲ. ಹೆಸರು ಗುಣಪಾಲ, ಊರು ಕಾರ್ಕಳದ ಹತ್ತಿರ. ಜೆಬೆಲ್ ಅಲಿಯ ಒಂದು ಗೋದಾಮಿನಲ್ಲಿ ಸೂಪರ್‌ವೈಸರ್ ಆಗಿದ್ದೇನೆ. ಐದು ವರ್ಷಗಳಿಂದ ಮಾಸ್ಟರ್ ಶೆನ್ ಅವರಲ್ಲಿ ಚೀನಾದ ತೈಚಿ ವಿದ್ಯೆ ಕಲಿಯುತ್ತಿದ್ದೇನೆ. ಸೊಂಟ ಹಿಡಿದು ಎರಡು ತಿಂಗಳು ಹಾಸಿಗೆಯಲ್ಲಿದ್ದವನನ್ನು ಎಬ್ಬಿಸಿ ನಿಲ್ಲಿಸಿದವರು ಅವರು. ಆ ಋಣ ಹೇಗೆ ತೀರಿಸುವುದೋ ಗೊತ್ತಿಲ್ಲ.

ಬರುವ ಮಾರ್ಚ್‌ಗೆ ಮಾಸ್ಟರ್‌ಗೆ ಎಪ್ಪತ್ತಮೂರು ತುಂಬುತ್ತದೆ. ಅವರ ಜೀವನ ಮತ್ತು ಸಾಧನೆಯ ಬಗ್ಗೆ ಒಂದು ಸಣ್ಣ ಪುಸ್ತಕ ಮಾಡಬೇಕೆಂದು ಶಿಷ್ಯರೆಲ್ಲ ತೀರ್ಮಾನಿಸಿದ್ದೇವೆ. ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಕೇಳಿದರೆ ಅವರು ಏನೂ ಹೇಳುವುದಿಲ್ಲ. 'ಓಲ್ಡ್ ಸ್ಟೋರಿ, ಖಲಾಸ್' ಎಂದು ಕೈ ಬೀಸಿಬಿಡುತ್ತಾರೆ. ಆದರೆ ಒಂದು ಸಲ ನಿಮ್ಮ ಹೆಸರು ಹೇಳಿದರು. ದುಬೈಯಲ್ಲಿ ಅವರ ಮೊದಲ ಶಿಷ್ಯರು ನೀವು, ಅವರ ಕೈ ಮೈಗೆ ತಾಗುವ ಮೊದಲೇ ಬಿದ್ದ ಮೊದಲ ಮನುಷ್ಯನೂ ನೀವೇ ಎಂದರು.

ಈಗಿನ ಅವರ ಶಕ್ತಿಯನ್ನು ನೀವು ನೋಡಬೇಕು ಸಾರ್. ಹೋದ ತಿಂಗಳು ಪಾರ್ಕಿನಲ್ಲಿ ಹನ್ನೊಂದು ಮಂದಿ ಸಾಲಾಗಿ ನಿಂತೆವು. ಮಾಸ್ಟರ್ ಆರಡಿ ದೂರದಿಂದ ಅಂಗೈ ಎತ್ತಿದರು. ಹನ್ನೊಂದು ಮಂದಿಯೂ ಹುಲ್ಲಿನ ಮೇಲೆ ಬಿದ್ದೆವು. ಆ ವಿಡಿಯೋವನ್ನು ನಾನೇ ನೆಟ್‌ಗೆ ಹಾಕಿದೆ. ನಾಲ್ಕು ಲಕ್ಷ ಜನ ನೋಡಿದ್ದಾರೆ.

ಆ ಮೊದಲ ದಿನದ ಬಗ್ಗೆ ವಿವರವಾಗಿ ಬರೆದು ಕಳಿಸುತ್ತೀರಾ? ಪುಸ್ತಕದ ಮೊದಲ ಅಧ್ಯಾಯ ಅದೇ ಆಗಬೇಕೆಂದು ನನ್ನ ಆಸೆ. ಫೋನ್ ನಂಬರ್ ಕೊಟ್ಟರೆ ನಾನೇ ಮಾಡುತ್ತೇನೆ.

ನಿಮ್ಮ,
ಗುಣಪಾಲ

*

ಮದೀನತ್ ಜಾಯೆದ್
೧೯ ಅಕ್ಟೋಬರ್ ೨೦೨೪

ಶ್ರೀ ಗುಣಪಾಲ ಅವರಿಗೆ,

ನಿಮ್ಮ ಮೇಲ್ ಬಂದು ಹದಿಮೂರು ದಿನವಾಯಿತು. ತಡವಾದದ್ದಕ್ಕೆ ಕ್ಷಮಿಸಿ. ಫೋನ್ ಬೇಡ. ಮಾತಿಗೆ ನಿಂತರೆ ನಾನು ಎದುರಿಗಿರುವವರಿಗೆ ಬೇಕಾದ್ದನ್ನು ಹೇಳಿಬಿಡುತ್ತೇನೆ. ಬರೆದರೆ ಅಳಿಸಿ ತಿದ್ದಬಹುದು.

ಮಾಸ್ಟರ್ ಶೆನ್ ಬಾವೊಶಾನ್ ಹುಟ್ಟಿದ್ದು ಚೀನಾದ ಹೆಬೇ ಪ್ರಾಂತ್ಯದಲ್ಲಿ, ಹತ್ತಿ ಗಿರಣಿಯೊಂದರ ಕೆಲಸಗಾರರ ವಠಾರದಲ್ಲಿ. ಗಿರಣಿಯ ಕಾವಲುಗಾರ, ಗಾವೊ ಎಂಬ ಮುದುಕ, ಅವರ ಗುರು. ಹನ್ನೊಂದನೇ ವಯಸ್ಸಿಗೆ ಆತನ ಹತ್ತಿರ ಸೇರಿದರು. ಮೂರು ವರ್ಷ ಬೇರೇನೂ ಹೇಳಿಕೊಡದೆ ಬರೀ ನಿಲ್ಲಿಸಿದನಂತೆ: ಮೊಣಕಾಲು ಸ್ವಲ್ಪ ಬಗ್ಗಿಸಿ, ಎರಡೂ ಕೈಯಲ್ಲಿ ದೊಡ್ಡ ಮರ ತಬ್ಬಿಕೊಂಡವರ ಹಾಗೆ. ಆಮೇಲೆ ಅಲ್ಲಿ ಇಂಥ ಹಳೆಯ ವಿದ್ಯೆಗಳನ್ನೆಲ್ಲ ಅನುಮಾನದಿಂದ ನೋಡುವ ಕಾಲ ಬಂತು. ಹತ್ತಿ ಮೂಟೆಗಳ ಸಂದಿಯಲ್ಲಿ ಬೆಳಗಾಗುವ ಮೊದಲು ಕದ್ದು ಕಲಿತರು. ಯಾರೋ ದೂರು ಕೊಟ್ಟು ಗುರುವನ್ನು ಕರೆದುಕೊಂಡು ಹೋದರು. ಆತ ಮರಳಿ ಬರಲಿಲ್ಲ. ಇದನ್ನು ಮಾಸ್ಟರ್ ನನಗೆ ಹೇಳಿದ್ದು ಒಂದೇ ಸಲ.

ಮುಂದೆ ಅದೇ ಗಿರಣಿಯಲ್ಲಿ ಫಿಟರ್ ಆದರು. ೧೯೮೩ರಲ್ಲಿ ಪ್ರಾಂತ್ಯ ಮಟ್ಟದ ಪದಕ ಬಂತು, ಊರಿನಲ್ಲಿ ಶಾಲೆ ತೆರೆದರು. ಗಿರಣಿ ಮುಚ್ಚಿದ ಮೇಲೆ ಶಾಲೆಯೂ ಮುಚ್ಚಿತು. ೨೦೦೪ರಲ್ಲಿ ಹೆಂಡತಿ ಮೇಲಾನ್ ಜೊತೆ ಆಕೆಯ ತಮ್ಮನ ಲೈಟಿನ ಅಂಗಡಿಗೆಂದು ದುಬೈಗೆ ಬಂದರು. ನಾನು ಅವರನ್ನು ಕಂಡದ್ದು ೨೦೦೮ರಲ್ಲಿ, ಪಾರ್ಕಿನಲ್ಲಿ ಒಬ್ಬರೇ ನಿಂತಿದ್ದಾಗ. 'ಪುಶ್' ಎಂದರು. ತಳ್ಳಿದೆ. ತೆರೆದಿರುವ ಬಾಗಿಲನ್ನು ತಳ್ಳಿದ ಹಾಗಾಯಿತು, ಅಲ್ಲಿ ಯಾರೂ ಇರಲಿಲ್ಲ. ಮರುಕ್ಷಣ ನಾನು ನೆಲದ ಮೇಲೆ. ಅವರ ಬೆರಳು ನನ್ನ ಮೊಣಕೈಗೆ ತಾಗಿಕೊಂಡೇ ಇತ್ತು. ನಿಮ್ಮ ಮೈಭಾರ ಯಾವ ಕಾಲಿನ ಮೇಲಿದೆ ಎಂಬುದು ನಿಮಗಿಂತ ಮೊದಲು ಅವರಿಗೆ ತಿಳಿಯುತ್ತಿತ್ತು. ಅವರ ವಿದ್ಯೆ ಅದು. ಮುಟ್ಟಿ ತಿಳಿಯುವ ವಿದ್ಯೆ. ಪುಸ್ತಕದಲ್ಲಿ ದಯವಿಟ್ಟು ಅದನ್ನು ಬರೆಯಿರಿ.

೨೦೧೬ರ ಫೆಬ್ರವರಿಯಲ್ಲಿ ಮೇಲಾನ್ ತೀರಿಕೊಂಡರು. ಎರಡು ವರ್ಷದ ನಂತರ ನನಗೆ ದುಬೈಯಿಂದ ದೂರದ ಮರುಭೂಮಿಯಲ್ಲಿರುವ ಈ ಗ್ಯಾಸ್ ಪ್ಲಾಂಟಿಗೆ ಟ್ರಾನ್ಸ್‌ಫರ್ ಆಯಿತು. ಹೆಚ್ಚಿಗೆ ಹೇಳುವುದು ಏನಿಲ್ಲ.

ಆ ವಿಡಿಯೋ ತೆಗೆದುಬಿಡಿ.

ದ್ವಾರಕನಾಥ

*

ದುಬೈ
೨ ನವೆಂಬರ್ ೨೦೨೪

ಮಾನ್ಯ ಸಾರ್,

ಎಷ್ಟೊಂದು ಹೊಸ ವಿಷಯ! ಗಿರಣಿಯ ಕಥೆ ಓದಿ ಕಣ್ಣು ತುಂಬಿ ಬಂತು. ಆದರೆ ನಾನು ಕೇಳಿದ ಒಂದೇ ಒಂದು ದಿನವನ್ನು ಮಾತ್ರ ನೀವು ಬಿಟ್ಟಿದ್ದೀರಿ. ವಿಡಿಯೋ ಯಾಕೆ ತೆಗೆಯಬೇಕೆಂದೂ ಹೇಳಲಿಲ್ಲ. ಬೇಸರ ಮಾಡಬೇಡಿ, ನೀವು ಬಿಟ್ಟುಹೋದ ಜಾಗದಲ್ಲಿ ಈಗ ಇಷ್ಟು ಜನ ನಿಂತಿರುವುದು ನಿಮಗೆ ಸ್ವಲ್ಪ ಕಷ್ಟವಾಗಿರಬಹುದು. ಅದು ಸಹಜ.

ಈಗ ಭಾನುವಾರ ಐವತ್ತು ಮಂದಿ ಬರುತ್ತಾರೆ. ಒಂದು ಸಣ್ಣ ಕಿರಿಕಿರಿಯೂ ಆಯಿತು. ಜೆಸ್ಸಿಕಾ ಎಂದು ನಮ್ಮ ಉಡುಪಿ ಕಡೆಯ ನರ್ಸ್, ಹೊಸಬಳು. ಮಾಸ್ಟರ್ ಅವಳ ಎದುರು ಅಂಗೈ ಎತ್ತಿದರು. ಅವಳು ಕಂಬದ ಹಾಗೆ ನಿಂತೇ ಇದ್ದಳು. 'ಸಾರಿ ಮಾಸ್ಟರ್, ನನಗೆ ಎಂತದೂ ಆಗ್ಲಿಲ್ಲ' ಎಂದಳು. ಯಾರೋ ನಕ್ಕರು. ಮಾಸ್ಟರ್ ಹತ್ತಿರ ಬಂದು ಮತ್ತೆ ಎತ್ತಿದರು. ಆಗಲೂ ಅಷ್ಟೆ. ಅವಳು ಅಲ್ಲಿಂದಲೇ ನನ್ನನ್ನು ಕೇಳಿದಳು, 'ಬೀಳ್ಬೇಕಾ ಅಣ್ಣ? ಬೀಳ್ಬೇಕಾದ್ರೆ ಹೇಳಿ, ಬೀಳ್ತೇನೆ.'

ಮನಸ್ಸು ಮುಚ್ಚಿಕೊಂಡವರಿಗೆ ಶಕ್ತಿ ತಾಗುವುದಿಲ್ಲ. ಮುಂದಿನ ವಾರದಿಂದ ಬರುವುದು ಬೇಡವೆಂದು ಅವಳಿಗೆ ನಯವಾಗಿ ಹೇಳಿ ಕಳಿಸಿದೆ.

ಆ ದಿನದ ಬಗ್ಗೆ ಬರೆಯುತ್ತೀರಲ್ಲವೇ?

ಗುಣಪಾಲ

*

ಮದೀನತ್ ಜಾಯೆದ್
೧೦ ನವೆಂಬರ್ ೨೦೨೪

ಗುಣಪಾಲ ಅವರೇ,

ಆ ಹುಡುಗಿ ಬೀಳದೆ ನಿಂತಾಗ ಮಾಸ್ಟರ್ ಮುಖ ಹೇಗಿತ್ತು? ನೀವು ಅದನ್ನು ಬರೆದಿಲ್ಲ. ಆಮೇಲೆ ಅವರು ಊಟ ಮಾಡಿದರೇ? ಯಾರೊಂದಿಗಾದರೂ ಮಾತನಾಡಿದರೇ?

ಜೆಸ್ಸಿಕಾಳನ್ನು ವಾಪಸು ಕರೆಯಿರಿ. ಅವಳು ಅಲ್ಲಿರಬೇಕು.

ನನಗೆ ನಿಮ್ಮ ಮೇಲೆ ಹೊಟ್ಟೆಕಿಚ್ಚಿಲ್ಲ.

ದ್ವಾರಕನಾಥ

*

ದುಬೈ
೮ ಡಿಸೆಂಬರ್ ೨೦೨೪

ಮಾನ್ಯ ಸಾರ್,

ಮುಖ ಬಿಳಿಚಿಕೊಂಡಿತ್ತು. ಬಿಸಿಲು ಇರಬೇಕು. ಊಟದ ವಿಷಯ ನನಗೆ ಗೊತ್ತಿಲ್ಲ.

ಈಗ ಬರೆಯುತ್ತಿರುವುದು ದೊಡ್ಡ ಸುದ್ದಿ. ಎಲ್ರಾಯ್ ಎಂಬ ಹುಡುಗ, ಇಪ್ಪತ್ತೇಳು ವರ್ಷ, ಅಪ್ಪ ಅಮ್ಮ ಮಂಗಳೂರಿನವರು, ಇವನು ಇಲ್ಲೇ ಹುಟ್ಟಿ ಬೆಳೆದವನು. ಜಿಮ್ ಒಂದರಲ್ಲಿ ಗುದ್ದುವ, ಒದೆಯುವ ಫೈಟಿಂಗ್ ಹೇಳಿಕೊಡುತ್ತಾನೆ. ನಮ್ಮ ವಿಡಿಯೋ ಇಟ್ಟುಕೊಂಡು ಇಂಗ್ಲಿಷಿನಲ್ಲಿ ಗೇಲಿ ಮಾಡಿದ. ಹೋದ ಭಾನುವಾರ ಪಾರ್ಕಿಗೇ ಬಂದ.

'ಅಂಕಲ್, ನೋ ಆಫೆನ್ಸ್, ಬಟ್ ದಿಸ್ ಈಸ್ ಫೇಕ್. ನನ್ನನ್ನು ಬೀಳಿಸಿ ನೋಡುವ.'

ನಾನು, 'ಹಿರಿಯರ ಹತ್ತಿರ ಮಾತಾಡುವ ಕ್ರಮವಾ ಇದು ಮಾರಾಯ? ಬೀಳಿಸ್ತಾರೆ, ಬಾ. ಎಲ್ಲರ ಎದುರಿಗೇ ಬೀಳಿಸ್ತಾರೆ' ಎಂದುಬಿಟ್ಟೆ.

ಮಾಸ್ಟರ್ ಅವನ ಕಾಲುಗಳನ್ನು ತುಂಬ ಹೊತ್ತು ನೋಡಿದರು. ಆಮೇಲೆ ಆಯಿತು, ನಡೆ ಎನ್ನುವ ಹಾಗೆ 'ಯಲ್ಲಾ' ಎಂದರು. ಒಂದೇ ಮಾತು.

ಜನವರಿ ೧೮, ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಅವನ ಜಿಮ್‌ನಲ್ಲೇ ಎಂದು ಗೊತ್ತಾಗಿದೆ. ಪುಸ್ತಕದ ಕೊನೆಯ ಅಧ್ಯಾಯವೂ ಸಿಕ್ಕಿತು ಸಾರ್! ನೀವು ಖಂಡಿತ ಬರಬೇಕು.

ಗುಣಪಾಲ

*

ಮದೀನತ್ ಜಾಯೆದ್
೧೨ ಡಿಸೆಂಬರ್ ೨೦೨೪

ಗುಣಪಾಲ,

ನೀವು ಕೇಳಿದ ಆ ದಿನದ ಬಗ್ಗೆ ಬರೆಯುತ್ತಿದ್ದೇನೆ. ಪುಸ್ತಕಕ್ಕಲ್ಲ. ಇದನ್ನು ಮಾಸ್ಟರ್‌ಗೆ ಓದಿ ಹೇಳಬೇಕು, ಒಂದು ಪದವೂ ಬಿಡದೆ.

ಮೇಲಾನ್ ಹೋದ ಮೇಲೆ ಅವರು ಕೋಣೆಯಿಂದ ಹೊರಗೆ ಬರಲಿಲ್ಲ. ಪರದೆ ಎಳೆದುಕೊಂಡು ಕೂತಿರುತ್ತಿದ್ದರು. ನಾನು ದಿನಾ ಬೆಳಿಗ್ಗೆ ಡ್ಯೂಟಿಗೆ ಮುಂಚೆ ಹೋಗುತ್ತಿದ್ದೆ. ಚಹಾ ಬಿಟ್ಟು ಬೇರೇನೂ ಒಳಗೆ ಹೋಗುತ್ತಿರಲಿಲ್ಲ. ಏಪ್ರಿಲ್‌ನಲ್ಲಿ ಒಂದು ದಿನ ಬಲವಂತ ಮಾಡಿ ಪಾರ್ಕಿಗೆ ಕರೆತಂದೆ. 'ನನ್ನ ತಳ್ಳಿ ಮಾಸ್ಟರ್, ಹಿಂದೆ ತಳ್ತಿದ್ರಲ್ಲ ಹಾಗೆ' ಎಂದೆ. ಅವರು ಅಂಗೈ ಎತ್ತಿದರು. ಕೈ ನನ್ನ ಎದೆಯ ಹತ್ತಿರ ಬಂದು ನಿಂತುಬಿಟ್ಟಿತು. ಅವರ ಕಣ್ಣಲ್ಲಿ ನೀರು. ನನ್ನಿಂದ ನೋಡಲಾಗಲಿಲ್ಲ.

ನಾನೇ ಹಿಂದಕ್ಕೆ ಹಾರಿ ಬಿದ್ದೆ.

ಅವರು ನನ್ನನ್ನು ಮುಟ್ಟಿರಲಿಲ್ಲ. ಯಾವ ಶಕ್ತಿಯೂ ಬರಲಿಲ್ಲ. ಅವರು ತಮ್ಮ ಅಂಗೈಯನ್ನೇ ನೋಡಿಕೊಂಡರು. ಆ ದಿನ ಒಂದು ದೊಡ್ಡ ಬಟ್ಟಲು ನೂಡಲ್ಸ್ ಪೂರ್ತಿ ತಿಂದರು. ಆ ಖಾಲಿ ಬಟ್ಟಲು ನೋಡಿ ನಾನು ಮಾಡಿದ್ದು ಸರಿ ಎಂದುಕೊಂಡೆ. ಮಾರನೆಯ ದಿನವೂ ಬಿದ್ದೆ. ನಾನು ಬೀಳುವುದನ್ನು ನೋಡಿ ಹೊಸಬರು ಬಿದ್ದರು. ಅವರನ್ನು ನೋಡಿ ಇನ್ನಷ್ಟು ಜನ. ಮೊದಲು ಒಂದು ಇಂಚು ದೂರದಿಂದ, ಆಮೇಲೆ ಒಂದಡಿ, ಆಮೇಲೆ ಆರಡಿ. ಮುಟ್ಟಿ ಕಲಿಸುವುದನ್ನು ಅವರು ನಿಲ್ಲಿಸಿಯೇಬಿಟ್ಟರು. ಐವತ್ತು ವರ್ಷ ಕಾಪಾಡಿಕೊಂಡು ಬಂದ ನಿಜವಾದ ವಿದ್ಯೆ ನನ್ನ ಕಣ್ಣೆದುರೇ ಒಣಗಿತು. ನಾನು ಬಾಯಿ ಬಿಡಲಿಲ್ಲ. ಟ್ರಾನ್ಸ್‌ಫರ್ ತಾನಾಗಿ ಬಂದದ್ದಲ್ಲ, ನಾನೇ ಕೇಳಿ ಪಡೆದದ್ದು.

ನಾನಿಲ್ಲಿ ಪ್ರೆಶರ್ ಗೇಜ್‌ಗಳನ್ನು ಪರೀಕ್ಷೆ ಮಾಡುವವನು. ಸುಳ್ಳು ತೋರಿಸುವ ಗೇಜನ್ನು ನಂಬಿದರೆ ಏನಾಗುತ್ತದೆಂದು ನನಗೆ ಚೆನ್ನಾಗಿ ಗೊತ್ತು. ಆ ಎಲ್ರಾಯ್ ಬೀಳುವುದಿಲ್ಲ. ಅವನು ಹೊಡೆಯುತ್ತಾನೆ. ಮಾಸ್ಟರ್‌ಗೆ ಎಪ್ಪತ್ತೆರಡು ವರ್ಷ.

ನಿಲ್ಲಿಸಿ.

ದ್ವಾರಕನಾಥ

*

ಮದೀನತ್ ಜಾಯೆದ್
೨೭ ಡಿಸೆಂಬರ್ ೨೦೨೪

ಗುಣಪಾಲ,

ಹದಿನೈದು ದಿನವಾಯಿತು, ಉತ್ತರವಿಲ್ಲ. ಮಾಸ್ಟರ್‌ಗೆ ಫೋನ್ ಮಾಡಿದೆ, ನಂಬರ್ ಬದಲಾಗಿದೆಯಂತೆ. ಹೊಸ ನಂಬರ್ ಕಳಿಸಿ. ಪ್ಲಾಂಟಿನಲ್ಲಿ ರಿಪೇರಿಯ ಶಟ್‌ಡೌನ್ ಕೆಲಸ ನಡೆಯುತ್ತಿದೆ, ಜನವರಿ ಹದಿನೇಳರವರೆಗೆ ಯಾರಿಗೂ ರಜೆ ಇಲ್ಲ. ಇಲ್ಲದಿದ್ದರೆ ನಾನೇ ಬರುತ್ತಿದ್ದೆ.

ಅವರಿಗೆ ಓದಿ ಹೇಳಿದಿರಾ? ಹೌದು ಅಥವಾ ಇಲ್ಲ, ಅಷ್ಟು ಬರೆದರೆ ಸಾಕು.

ದ್ವಾರಕನಾಥ

*

ದುಬೈ
೩ ಜನವರಿ ೨೦೨೫

ದ್ವಾರಕನಾಥ್ ಅವರಿಗೆ,

ಹೌದು. ನಿಮ್ಮ ಪತ್ರವನ್ನು ಮಾಸ್ಟರ್‌ಗೆ ಓದಿ ಹೇಳಿದೆ. ನಕ್ಕರು. ನಿಮಗೆ ಒಳ್ಳೆಯದಾಗಲಿ ಎಂದರು. ನಂಬರ್ ಯಾರಿಗೂ ಕೊಡಬಾರದೆಂದು ಹೇಳಿದ್ದಾರೆ.

ಅವರು ಗಟ್ಟಿಯಾಗಿದ್ದಾರೆ. ದಿನಾ ಬೆಳಿಗ್ಗೆ ಎರಡು ಗಂಟೆ ಮರ ತಬ್ಬಿದ ಹಾಗೆ ನಿಲ್ಲುತ್ತಾರೆ. ಮನಸ್ಸು ತುಂಬ ಶಾಂತವಾಗಿದೆ. ಹೋದ ವಾರ ಕೋಣೆಯನ್ನೆಲ್ಲ ಸ್ವಚ್ಛ ಮಾಡಿ, ಚಹಾ ಪಾತ್ರೆಗಳನ್ನು ಪಕ್ಕದ ಫ್ಲ್ಯಾಟಿನವರಿಗೆ ಕೊಟ್ಟರು. ಹೆಂಡತಿಯ ಬಟ್ಟೆಗಳನ್ನು ಇಷ್ಟು ವರ್ಷ ಇಟ್ಟುಕೊಂಡಿದ್ದರು, ಅವನ್ನೂ ಕೊಟ್ಟುಬಿಟ್ಟರು. ಊರಿನಲ್ಲಿರುವ ತಂಗಿಯ ಮಗಳ ವಿಳಾಸವನ್ನು ಒಂದು ಚೀಟಿಯಲ್ಲಿ ಬರೆದು ನನ್ನ ಕೈಗೆ ಕೊಟ್ಟಿದ್ದಾರೆ. ದೊಡ್ಡವರು ಹೀಗೆ ಆಸೆಗಳನ್ನು ಒಂದೊಂದಾಗಿ ಕಳಚಿಕೊಳ್ಳುವುದನ್ನು ಹತ್ತಿರದಿಂದ ನೋಡುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ.

ನಿಮಗೆ ಏನೂ ಅನ್ನಿಸಲಿಲ್ಲ ಎಂದ ಮಾತ್ರಕ್ಕೆ ನಮಗೂ ಏನೂ ಅನ್ನಿಸುವುದಿಲ್ಲ ಎಂದಲ್ಲ.

ಗುಣಪಾಲ

*

ಮದೀನತ್ ಜಾಯೆದ್
೪ ಜನವರಿ ೨೦೨೫

ಗುಣಪಾಲ,

ಅದು ಶಾಂತಿಯಲ್ಲ. ಬಟ್ಟೆ ಕೊಟ್ಟುಬಿಟ್ಟು ವಿಳಾಸ ಬರೆದುಕೊಡುವವರು ವಾಪಸು ಬರುವ ಯೋಚನೆಯಲ್ಲಿ ಇರುವುದಿಲ್ಲ. ದಯವಿಟ್ಟು ಅವರನ್ನು ಒಬ್ಬರನ್ನೇ ಬಿಡಬೇಡಿ.

ನೀವು ಅವರಿಗೆ ಓದಿ ಹೇಳಿದ್ದೀರಿ ಎಂದು ನಾನು ನಂಬುವುದಿಲ್ಲ. ಹದಿನೆಂಟನೇ ತಾರೀಕು ಬೆಳಿಗ್ಗೆ ನಾನೇ ಬರುತ್ತೇನೆ. ಎಲ್ಲರ ಎದುರಿಗೇ ಹೇಳುತ್ತೇನೆ.

ದ್ವಾರಕನಾಥ

*

ದುಬೈ
೨ ಫೆಬ್ರವರಿ ೨೦೨೫

ದ್ವಾರಕನಾಥ್ ಸಾರ್,

ನೀವು ಬರಲಿಲ್ಲ. ಹನ್ನೊಂದೂವರೆಯವರೆಗೆ ಬಾಗಿಲು ನೋಡುತ್ತಿದ್ದೆ. ಮೊದಲು ನೀವು ಬರಬಾರದೆಂದು ನೋಡುತ್ತಿದ್ದೆ. ಕೊನೆಕೊನೆಗೆ ಬಂದರೆ ಸಾಕೆಂದು.

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಿಮ್ಮ ಪತ್ರವನ್ನು ನಾನು ಅವರಿಗೆ ಓದಿ ಹೇಳಿರಲಿಲ್ಲ. ಬಂದ ದಿನವೇ ಅಳಿಸಿ ಹಾಕಿದ್ದೆ. ಆದರೆ ಓದಿದ್ದನ್ನು ತಲೆಯಿಂದ ಅಳಿಸಲಾಗಲಿಲ್ಲ. ನಾನು ಮೊದಲ ಸಲ ಬಿದ್ದ ದಿನ ನೆನಪಾಗುತ್ತಿತ್ತು. ಪಕ್ಕದವನು ಬಿದ್ದ, ನಾನೂ ಬಿದ್ದೆ. ಯಾವುದು ಮೊದಲು, ಬಿದ್ದದ್ದೋ ಅನ್ನಿಸಿದ್ದೋ, ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ.

ಹದಿನೆಂಟರ ಬೆಳಿಗ್ಗೆ ಮಾಸ್ಟರ್ ಅವರನ್ನು ಕಾರಿನಲ್ಲಿ ಕರೆದುಕೊಂಡು ಹೊರಟೆ. ದಾರಿಯಲ್ಲಿ ಕಾರು ಬದಿಗೆ ನಿಲ್ಲಿಸಿ ಎಲ್ಲ ಹೇಳಿಬಿಟ್ಟೆ. ನೀವು ಹಾರಿ ಬಿದ್ದದ್ದು, ನಾವೆಲ್ಲ ಬಿದ್ದದ್ದು, ಎಲ್ಲ.

ಅವರು ಸಿಟ್ಟಾಗಲಿಲ್ಲ. ತಮ್ಮ ಮುರುಕು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದರು. 'ನನಗೆ ಗೊತ್ತು. ದ್ವಾರಕನ ಭಾರ ನನಗೆ ಗೊತ್ತು. ಯಾವಾಗಲೂ ಎಡಗಾಲಿನ ಮೇಲೆ ನಿಲ್ಲುತ್ತಾನೆ. ಆ ದಿನ ನನ್ನ ಕೈಗೆ ಏನೂ ಬರಲಿಲ್ಲ.'

'ಮತ್ತೆ ಯಾಕೆ ಸುಮ್ಮನಿದ್ದಿರಿ ಮಾಸ್ಟರ್?'

'ಪಾಪ, ದಿನಾ ಬರುತ್ತಿದ್ದ. ನಾನು ಹೇಳಿದ್ದರೆ ನಾಚಿಕೆಯಾಗಿ ಬರುವುದನ್ನು ಬಿಡುತ್ತಿದ್ದ. ಆಮೇಲೆ ಬಹಳ ಜನ ಬಂದರು. ಹೇಳಲು ಜಾಗವೇ ಉಳಿಯಲಿಲ್ಲ.'

ವಾಪಸು ಹೋಗುವ ಎಂದೆ. ಕಾಲು ಹಿಡಿದೆ ಸಾರ್, ರಸ್ತೆ ಬದಿಯಲ್ಲಿ. ಅವರು ನನ್ನ ತಲೆ ಸವರಿ, 'ಎಂಟು ವರ್ಷದಿಂದ ಯಾರೂ ನನ್ನನ್ನು ನಿಜವಾಗಿ ತಳ್ಳಿಲ್ಲ. ಆ ಹುಡುಗ ತಳ್ಳುತ್ತಾನೆ. ಯಲ್ಲಾ' ಎಂದರು.

ಜಿಮ್ ತುಂಬಿತ್ತು. ನಮ್ಮವರೇ ಮೂವತ್ತು ಮಂದಿ. ಎಲ್ರಾಯ್ ಗ್ಲೌಸ್ ಹಾಕಿಕೊಂಡು ಬಂದ. ಮಾಸ್ಟರ್ ಬರಿಗೈ. ಅಂಗೈ ಎತ್ತಲಿಲ್ಲ, ಕೈ ಇಳಿಬಿಟ್ಟುಕೊಂಡು ನೇರ ಅವನ ಹತ್ತಿರಕ್ಕೆ ನಡೆದರು. ಅವನು ಎರಡೂ ಕೈಯಿಂದ ಎದೆಗೆ ತಳ್ಳಿದ. ಮಾಸ್ಟರ್ ಸೊಂಟ ಒಂದಿಷ್ಟು ತಿರುಗಿತು, ಎರಡು ಬೆರಳು ಅವನ ಮೊಣಕೈಗೆ ತಾಗಿದವು. ಅಷ್ಟೇ. ಎಲ್ರಾಯ್ ಮಂಡಿಯೂರಿ ಬಿದ್ದ. ನಿಜವಾಗಿ ಬಿದ್ದ! ನೀವು ೨೦೦೮ರಲ್ಲಿ ಕಂಡದ್ದನ್ನು ನಾನು ಅಂದು ಕಂಡೆ. ನಮ್ಮವರು ಕೂಗುತ್ತಿದ್ದರು. ಮಾಸ್ಟರ್ ಮುಖ ಚಿಕ್ಕ ಮಗುವಿನ ಮುಖದ ಹಾಗಿತ್ತು.

ಎಲ್ರಾಯ್ ಎದ್ದ. ಕೆಂಪಾಗಿದ್ದ. ಬಲಗೈಯಿಂದ ಒಂದು ಗುದ್ದು, ಕಪಾಳಕ್ಕೆ. ಮಾಸ್ಟರ್ ಹಿಂದಕ್ಕೆ ಬಿದ್ದರು. ತಲೆ ಮ್ಯಾಟಿನ ಆಚೆ ಸಿಮೆಂಟಿಗೆ ಬಡಿಯಿತು. ಆ ಸದ್ದು ಈಗಲೂ ಕೇಳುತ್ತದೆ.

ಮೊದಲು ಓಡಿ ಬಂದದ್ದು ಎಲ್ರಾಯ್. 'ಅಂಕಲ್, ಸಾರಿ ಅಂಕಲ್, ಪ್ಲೀಸ್ ಗೆಟ್ ಅಪ್' ಎಂದು ಅಳುತ್ತಿದ್ದ. ನಮ್ಮ ಮೂವತ್ತು ಮಂದಿ ನಿಂತಲ್ಲೇ ನಿಂತಿದ್ದರು. ಎದ್ದು ಬರುತ್ತಾರೆ, ಇದೂ ಪಾಠ ಇರಬೇಕು ಎಂದು ಕಾಯುತ್ತಿದ್ದರು. ಆಂಬುಲೆನ್ಸ್‌ಗೆ ಫೋನ್ ಮಾಡಿದ್ದೂ ಎಲ್ರಾಯ್‌ನೇ.

ತಲೆಯೊಳಗೆ ರಕ್ತ ಹೆಪ್ಪುಗಟ್ಟಿತ್ತು. ಆಪರೇಷನ್ ಆಗಿದೆ. ಎಡಭಾಗಕ್ಕೆ ಸ್ವಾಧೀನವಿಲ್ಲ, ಮಾತಿಲ್ಲ. ತಂಗಿಯ ಮಗಳಿಗೆ ತಿಳಿಸಿದ್ದೇನೆ.

ನೀವು ಯಾಕೆ ಬರಲಿಲ್ಲ?

ಗುಣಪಾಲ

*

ಮದೀನತ್ ಜಾಯೆದ್
೧೧ ಫೆಬ್ರವರಿ ೨೦೨೫

ಗುಣಪಾಲ,

ಹದಿನೆಂಟರ ಬೆಳಿಗ್ಗೆ ಐದೂವರೆಗೆ ಹೊರಟೆ. ತಾರಿಫ್ ಊರು ದಾಟುವುದರೊಳಗೆ ಮಂಜು ಕವಿದು ಮುಂದಿನ ಗಾಡಿಯ ದೀಪವೂ ಕಾಣಲಿಲ್ಲ. ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದೆ. ಇಷ್ಟನ್ನೇ ಬರೆದು ಮುಗಿಸಿದರೆ ನೀವು ನಂಬುತ್ತೀರಿ. ಎಲ್ಲರೂ ನಂಬುತ್ತಾರೆ. ಆದರೆ ಎಂಟು ಗಂಟೆಗೆ ಮಂಜು ಸರಿಯಿತು. ಎಂಟೂವರೆಗೆ ರಸ್ತೆ ಕನ್ನಡಿಯಂತಿತ್ತು. ಹನ್ನೊಂದಕ್ಕೆ ತಲುಪಬಹುದಿತ್ತು. ನಾನು ಗಾಡಿ ತಿರುಗಿಸಿದ್ದು ವಾಪಸು ಈ ಕಡೆಗೆ. ಎಲ್ಲರ ಎದುರು ಹೇಳುತ್ತೇನೆ ಎಂದು ನಿಮಗೆ ಬರೆದಿದ್ದೆನಲ್ಲ, ಆ ಮಾತು ಬಾಯಿಗೆ ಬರುತ್ತಿರಲಿಲ್ಲ.

ಶನಿವಾರ ಆಸ್ಪತ್ರೆಗೆ ಹೋಗಿದ್ದೆ. ಅವರಿಗೆ ನನ್ನ ಗುರುತು ಸಿಕ್ಕಿತು. ಬಲಗೈಯಿಂದ ನನ್ನ ಮುಂಗೈ ಹಿಡಿದುಕೊಂಡರು. ನಾನು ಕ್ಷಮೆ ಕೇಳುತ್ತಿದ್ದೆ. ಅವರು ಕೇಳಿಸಿಕೊಳ್ಳಲಿಲ್ಲ. ಗಾಜಿನಾಚೆ ಕಾರಿಡಾರಿನಲ್ಲಿ ಕೂತಿದ್ದ ನಿಮ್ಮ ಶಿಷ್ಯವೃಂದವನ್ನೇ ನೋಡುತ್ತಿದ್ದರು. ಆ ಕಣ್ಣಲ್ಲಿ ಇದ್ದದ್ದು ಪ್ರೀತಿಯಲ್ಲ ಗುಣಪಾಲ, ಹೆದರಿಕೆ. ನರ್ಸ್ ಬಂದು ಪರದೆ ಎಳೆದ ಮೇಲೆ ಕೈ ಸಡಿಲವಾಯಿತು.

ಅವರೆಲ್ಲರನ್ನೂ ಕರೆದು ನಿಜ ಹೇಳಿ. ಎದುರಿಗೆ ನಿಂತು ಹೇಳುವ ಧೈರ್ಯ ನನಗಿರಲಿಲ್ಲ. ನೀವು ಮಾಸ್ಟರ್‌ಗೆ ಹೇಳಿದವರು, ನಿಮಗೆ ಇದೆ. ಪಾರ್ಕಿನ ಕ್ಲಾಸ್ ನಿಲ್ಲಿಸಿ.

ದ್ವಾರಕನಾಥ

*

ಮದೀನತ್ ಜಾಯೆದ್
೨೩ ಮಾರ್ಚ್ ೨೦೨೫

ಗುಣಪಾಲ,

ತಂಗಿಯ ಮಗಳು ಅವರನ್ನು ಊರಿಗೆ ಕರೆದುಕೊಂಡು ಹೋದಳೆಂದು ಆಸ್ಪತ್ರೆಯವರಿಂದ ತಿಳಿಯಿತು. ಏರ್‌ಪೋರ್ಟಿಗೆ ನೀವು ಹೋಗಿದ್ದಿರಾ? ಉಳಿದವರಿಗೆ ಹೇಳಿದಿರಾ?

ದ್ವಾರಕನಾಥ

*

ದುಬೈ
೨೭ ಏಪ್ರಿಲ್ ೨೦೨೫

ದ್ವಾರಕನಾಥ್ ಅವರಿಗೆ,

ನಿಮ್ಮ ಎರಡೂ ಪತ್ರ ತಲುಪಿವೆ. ಕೆಲಸ ಜಾಸ್ತಿ ಇತ್ತು.

ಹೇಳಬೇಕೆಂದೇ ಹೋಗಿದ್ದೆ. ಮಾಸ್ಟರ್ ಊರಿಗೆ ಹೋದ ಮರುವಾರ ಎಲ್ಲರನ್ನೂ ಪಾರ್ಕಿಗೆ ಬರಹೇಳಿದೆ. ಐದಾರು ಮಂದಿ ಬಂದಾರು ಎಂದುಕೊಂಡಿದ್ದೆ. ಅರವತ್ತು ಮಂದಿ ಬಂದಿದ್ದರು. ಕೆಲವರು ಅಳುತ್ತಿದ್ದರು. ಮುಹೈಸ್ನಾದ ಲೇಬರ್ ಕ್ಯಾಂಪಿನಿಂದ ಬಂದ ಒಬ್ಬರು ನನ್ನ ಕೈ ಹಿಡಿದು, 'ಅಣ್ಣಾ, ಇನ್ನು ನಮಗೆ ನೀವೇ. ಬಿಡಬೇಡಿ ನಮ್ಮನ್ನು' ಎಂದರು. ಎಲ್ರಾಯ್ ಮೊದಲಿಗೇ ಮಂಡಿಯೂರಿದ್ದನ್ನು ಎಲ್ಲರೂ ಕಣ್ಣಾರೆ ನೋಡಿದ್ದಾರೆ. ಮಾಸ್ಟರ್ ಬಿದ್ದದ್ದು ಮೋಸದ ಏಟಿಗೆ ಎಂದು ಮಾತನಾಡಿಕೊಳ್ಳುತ್ತಾರೆ. ಅಂಥವರಿಗೆ ನಾನು ಏನು ಹೇಳಲಿ? ಯಾವ ಬಾಯಿಂದ ಹೇಳಲಿ?

ಅವರು ಸಾಲಾಗಿ ನಿಂತರು. ನಾನು ನಿಲ್ಲಿ ಎಂದು ಹೇಳಿರಲಿಲ್ಲ. ಮಾತು ಶುರು ಮಾಡಲೆಂದು ಕೈ ಎತ್ತಿದೆ. ಸ್ವಲ್ಪ ಸುಮ್ಮನಿರಿ ಎನ್ನುವುದಕ್ಕೆ ಎತ್ತುತ್ತೇವಲ್ಲ, ಹಾಗೆ.

ಮುಂದಿನ ಸಾಲಿನ ಇಪ್ಪತ್ತು ಮಂದಿ ಬಿದ್ದರು.

ಎತ್ತಿದ ಕೈ ಇಳಿಸಿದೆ. ಅವರು ಎದ್ದು, ಹುಲ್ಲು ಕೊಡವಿಕೊಂಡು, ನಗುತ್ತಾ ಮತ್ತೆ ಸಾಲಿಗೆ ಬಂದರು. ಎಂಥ ಸಂತೋಷ ಇತ್ತು ಆ ಮುಖಗಳಲ್ಲಿ! ಎರಡನೇ ಸಲ ನಾನು ಬೇಕೆಂದೇ ಎತ್ತಿದೆ.

ಈಗ ನಾಲ್ಕು ವಾರವಾಯಿತು. ನಿಮಗೆ ಒಂದು ವಿಷಯ ಹೇಳಬೇಕು, ನೀವು ನಂಬುವುದಿಲ್ಲ ಎಂದು ಗೊತ್ತಿದ್ದೂ ಹೇಳುತ್ತೇನೆ. ಹೋದ ಭಾನುವಾರ ಕೈ ಎತ್ತಿದಾಗ ಅಂಗೈ ನಡುವೆ ಬೆಚ್ಚಗೆ ಏನೋ ಸರಿದಂತಾಯಿತು. ಇವತ್ತು ಇನ್ನೂ ಸ್ಪಷ್ಟವಾಗಿತ್ತು, ಮೊಣಕೈವರೆಗೆ ಬಂತು. ಬಿಸಿಲಲ್ಲ, ನೆರಳಿನಲ್ಲೇ ನಿಂತಿದ್ದೆ.

ನಿಮ್ಮ ಪತ್ರಗಳಿಂದ ನನ್ನ ಮನಸ್ಸು ಕಲಕುತ್ತದೆ. ಇನ್ನು ಮುಂದೆ ಬರೆಯಬೇಡಿ.

ಗುಣಪಾಲ